ಒಂದು ಪಾದವೋ, ಎರಡೋ?

ಅಮೆರಿಕನ್ ಫುಟ್‌ಬಾಲ್ ಹೊಸದಾಗಿ ನೋಡುವವರಿಗೆ ಕಾಲೇಜು ಪಂದ್ಯದ ಕ್ಯಾಚ್ ಬೇಗ ಅರ್ಥವಾಗುತ್ತದೆ: ಚೆಂಡು ಹಿಡಿತದಲ್ಲಿದ್ದು ಗೆರೆಯೊಳಗೆ ಒಂದು ಪಾದ ಊರಿದರಾಯಿತು. ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಎರಡೂ ಪಾದ ಬೇಕು. ಮೈ ಪೂರ್ತಿ ಹೊರಕ್ಕೆ ವಾಲಿದ್ದರೂ ಶೂ ತುದಿಗಳನ್ನು ಹುಲ್ಲಿನ ಮೇಲೆ ಎಳೆಯುವ ಆ ಕಸರತ್ತಿಗಾಗಿಯೇ ನನ್ನ ಓಟು ಎನ್‌ಎಫ್‌ಎಲ್‌ಗೆ.

ಬೀಳುವಾಗ ಹಿಡಿದದ್ದರ ತಕರಾರು ಬೇರೆ. 2015ರ ಜನವರಿಯಲ್ಲಿ, ಗ್ರೀನ್ ಬೇಯಲ್ಲಿ, ಎನ್‌ಎಫ್‌ಎಲ್‌ನ ಡಲ್ಲಾಸ್ ತಂಡದ ಡೆಜ್ ಬ್ರಯಂಟ್ ಎಗರಿ ಚೆಂಡು ಹಿಡಿದು, ಹೆಜ್ಜೆಯಿಟ್ಟು, ಕೈಚಾಚಿ ಬಿದ್ದರು. ನೆಲಕ್ಕೆ ತಾಗಿ ಚೆಂಡು ಪುಟಿಯಿತು. ಮರುಪರಿಶೀಲನೆಯಲ್ಲಿ ಕ್ಯಾಚ್ ರದ್ದು! 2018ರಲ್ಲಿ ಎನ್‌ಎಫ್‌ಎಲ್ ನಿಯಮ ಸಡಿಲಿಸಿತು: ಹಿಡಿತ, ಎರಡು ಪಾದ, ಜೊತೆಗೆ ಮೂರನೇ ಹೆಜ್ಜೆಯೋ ಕೈಚಾಚುವಿಕೆಯೋ ಇದ್ದರೆ ಸಾಕು. ಕಾಲೇಜಿನಲ್ಲಿ ಮಾತ್ರ ಬೀಳುತ್ತಾ ಹಿಡಿದವರು ನೆಲಕ್ಕೆ ಅಪ್ಪಳಿಸಿದ ಮೇಲೂ ಚೆಂಡನ್ನು ಬಿಡುವಂತಿಲ್ಲ.