ನರ್ಸಿಂಗ್ ಸೀಟಿಗೆ ದುಡ್ಡು ಕಟ್ಟೋ ಮುಂಚೆ ಆಸ್ಪತ್ರೆ ತೋರಿಸಿ ಅನ್ನಿ

ಸಿಇಟಿ ಮುಗಿಯುತ್ತಿದ್ದ ಹಾಗೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಪಿಯುಸಿ ಮಕ್ಕಳ ಫೋನಿಗೆ ಮೆಸೇಜ್ ಬರೋದು ಶುರುವಾಗುತ್ತದೆ. 'ಬಿಎಸ್ಸಿ ನರ್ಸಿಂಗ್, ಡೈರೆಕ್ಟ್ ಅಡ್ಮಿಷನ್, ಹಾಸ್ಟೆಲ್, ಸ್ವಂತ ಆಸ್ಪತ್ರೆ.' ಆ ಸ್ವಂತ ಆಸ್ಪತ್ರೆ ಅನ್ನೋದನ್ನು ಇನ್ನೊಂದು ಸಲ ಓದಿ. ಅಂಥ ಒಂದು ಸ್ವಂತ ಆಸ್ಪತ್ರೆಯಲ್ಲಿ ನಾನು ರೋಗಿಯಾಗಿ ಮಲಗಿ ಬಂದಿದ್ದೇನೆ. ಹುಷಾರಿಲ್ಲದೆ ಅಲ್ಲ. ಕಾಲೇಜಿನವರೇ ಮಲಗಿಸಿದರು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಸಿಇಟಿಯಲ್ಲಿ ಸರ್ಕಾರಿ ಸೀಟು ಸಿಗೋ ಹಾಗೆ ಕಾಣಲಿಲ್ಲ. ಎಲೆಚುಕ್ಕೆ ರೋಗ ಬಂದು ಅಡಿಕೆ ಅರ್ಧಕ್ಕೆ ಇಳಿದಿದ್ದ ವರ್ಷ ಅದು, ಆದರೂ ಅಪ್ಪಯ್ಯ 'ಹುಡುಗಿ ಆಸೆ ಪಟ್ಟಿದೆ, ಓದಲಿ' ಅಂದರು. ಶಿವಮೊಗ್ಗದಲ್ಲಿ ಒಂದು ಅಂಗಡಿ ಮಹಡಿ ಮೇಲೆ ಈ ಸೀಟು ಕೊಡಿಸೋರ ಆಫೀಸು. ಗೋಡೆ ತುಂಬ ಬಿಳಿ ಕೋಟಿನ ಹುಡುಗಿಯರ ಫೋಟೋ, ಎಸಿ, ಬಂದ ಕೂಡಲೇ ಕಾಫಿ.

'ಗೌಡ್ರೇ, ನಿಮ್ಮ ಮಗಳು ಅಂದ್ರೆ ನಮ್ಮ ಮಗಳಿದ್ದಂಗೆ' ಅಂತ ಶುರು ಮಾಡಿದ ಆಸಾಮಿ. ಬೆಂಗಳೂರಿನ ಕಾಲೇಜು, ಮ್ಯಾನೇಜ್‌ಮೆಂಟ್ ಸೀಟು, ಇರೋದು ಎರಡೇ, ಇವತ್ತು 25,000 ಹಾಕಿ ಬ್ಲಾಕ್ ಮಾಡಿ, ನಾಳೆ ಬಂದ್ರೆ ನಾನು ಜವಾಬ್ದಾರ ಅಲ್ಲ. ಗೊತ್ತಲ್ಲ, ಎಲ್ಲರಿಗೂ ಹೇಳೋ ಮಾತೇ. ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ, 'ಆಸ್ಪತ್ರೆ ಎಷ್ಟು ದೊಡ್ಡದು?' ಅದಕ್ಕೆ ಅವನು ನಗುತ್ತಾ, '100 ಬೆಡ್ ಗೌಡ್ರೇ, ಅಷ್ಟಿಲ್ದಿದ್ರೆ ನರ್ಸಿಂಗ್ ಕಾಲೇಜು ನಡೆಸೋಕೆ ಬಿಡ್ತಾರಾ?' ಅಂದ. ನಿಯಮ ಸರಿಯಾಗೇ ಗೊತ್ತಿತ್ತು ಅವನಿಗೆ. ಕಾಲೇಜು ಅಂದಮೇಲೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಅಂತ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹೇಳುತ್ತದೆ. ಇರಬೇಕು ಅನ್ನೋದನ್ನೇ ಇದೆ ಅಂತ ನಮಗೆ ಮಾರಿದ, ಅಷ್ಟೇ.

ನಾವು ಕಣ್ಣು ಮುಚ್ಚಿಕೊಂಡೇನೂ ಹೋಗಲಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ವೆಬ್‌ಸೈಟಿಗೆ ಹೋಗಿ ಸಂಯೋಜಿತ ಕಾಲೇಜುಗಳ ಪಟ್ಟಿ ನೋಡಿದೆವು. ಹೆಸರು ಇತ್ತು! ಬೋಗಸ್ ಕಾಲೇಜು ಅಲ್ಲ ಇದು. ಎಲ್ಲರೂ 'ಪಟ್ಟಿ ನೋಡಿ, ಪಟ್ಟಿ ನೋಡಿ' ಅಂತಾರೆ, ಅದಕ್ಕೇ ಇಷ್ಟು ಬಿಡಿಸಿ ಬರೀತಿದ್ದೇನೆ. ಪಟ್ಟಿಯಲ್ಲಿ ಕಾಲೇಜಿನ ಹೆಸರು ಇರುತ್ತದೆ, ವಾರ್ಡಿನಲ್ಲಿ ರೋಗಿ ಇದ್ದಾರೋ ಇಲ್ಲವೋ ಇರೋದಿಲ್ಲ.

ಮೊದಲ ಸೆಮಿಸ್ಟರ್‌ನಲ್ಲಿ ಅನಾಟಮಿ, ಫಿಸಿಯಾಲಜಿ, ಸೋಷಿಯಾಲಜಿ, ಸೈಕಾಲಜಿ, ಇಂಗ್ಲಿಷ್, ಇವುಗಳ ಜೊತೆ ನರ್ಸಿಂಗ್ ಫೌಂಡೇಶನ್ ಅಂತ ಒಂದು. ಅದೇ ಮುಖ್ಯ. ಬೆಡ್ ಮಾಡೋದು, ಟೆಂಪರೇಚರ್, ನಾಡಿ, ಉಸಿರು, ಬಿಪಿ ನೋಡೋದು, ಎಲ್ಲ ಮೊದಲು ಲ್ಯಾಬಿನಲ್ಲಿ, ಆಮೇಲೆ ನಿಜವಾದ ವಾರ್ಡಿನಲ್ಲಿ. ನಮ್ಮ ಲ್ಯಾಬಿನಲ್ಲಿ ಒಂದು ಮ್ಯಾನಿಕಿನ್ ಇತ್ತು, ಅಂದರೆ ಅಭ್ಯಾಸಕ್ಕೆ ಇಡೋ ಗೊಂಬೆ. ಅದರ ಪ್ಲಾಸ್ಟಿಕ್ ಕವರ್ ತೆಗೆಯೋ ಹಾಗಿರಲಿಲ್ಲ. ಮೇಡಂ ಕವರಿನ ಮೇಲಿಂದಲೇ ಬೆರಳಿಟ್ಟು 'ಇಲ್ಲಿ ಇಂಜೆಕ್ಷನ್ ಕೊಡೋದು' ಅಂತ ತೋರಿಸೋರು, ಇನ್‌ಸ್ಪೆಕ್ಷನ್ ಹೊತ್ತಿಗೆ ಹೊಸದಾಗಿ ಕಾಣಬೇಕಲ್ಲ! ಆಸ್ಪತ್ರೆ ಅಂದರೆ ಪಕ್ಕದ ಕಟ್ಟಡ. ಕೆಳಗೆ ಒಬ್ಬ ಡಾಕ್ಟರ್ ಸಂಜೆ ಬಂದು ಕೆಮ್ಮು ನೆಗಡಿ ನೋಡುತ್ತಿದ್ದರು. ಮೇಲಿನ ಮಹಡಿಗಳಲ್ಲಿ ಸಾಲಾಗಿ ಮಂಚ, ಮಂಚದ ಮೇಲೆ ಮಡಿಸಿಟ್ಟ ಬೆಡ್‌ಶೀಟ್, ಜನ ಇಲ್ಲ. ವಾರ್ಡಿನಲ್ಲಿ ರೋಗಿಗಳ ಜೊತೆ ಕಲಿಯೋ ಡ್ಯೂಟಿಗೆ ಪೋಸ್ಟಿಂಗ್ ಅಂತಾರೆ. 'ಪೋಸ್ಟಿಂಗ್ ಯಾವಾಗ ಮೇಡಂ?' ಅಂದರೆ 'ಮುಂದಿನ ವಾರ'. ಮುಂದಿನ ವಾರ ಕೇಳಿದರೂ ಮುಂದಿನ ವಾರ.

ಆದರೆ ಲಾಗ್‌ಬುಕ್ ಮಾತ್ರ ತುಂಬಬೇಕು. ಯಾವ ರೋಗಿ, ಎಷ್ಟು ವಯಸ್ಸು, ಏನು ಮಾಡಿದಿರಿ ಅಂತ. ಸೀನಿಯರ್ಸ್ ಹಳೇ ಪುಸ್ತಕ ಕೊಡೋರು, ನಾವು ಕೂತು ಕಾಪಿ ಮಾಡೋದು. ಅದೇ ವೇಳೆಗೆ ಶಿವಮೊಗ್ಗದಲ್ಲೇ ನರ್ಸಿಂಗ್ ಓದೋ ನನ್ನ ಗೆಳತಿ ಅಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆ ಪೋಸ್ಟಿಂಗ್ ಮುಗಿಸಿ ಕಾಲು ನೋವು ಅಂತ ಫೋನ್ ಮಾಡಿ ಗೋಳಾಡೋಳು. ನನಗೆ ಹೊಟ್ಟೆ ಉರಿಯೋದು. ನನ್ನ ಕಾಲು ನೋಯುತ್ತಲೇ ಇರಲಿಲ್ಲ.

ಈಗ ಆ ಇನ್‌ಸ್ಪೆಕ್ಷನ್ ದಿನ. ಯಾರು ಬರ್ತಾರೆ ಅಂತ ನಮಗೆ ಹೇಳಲಿಲ್ಲ. ಹಿಂದಿನ ರಾತ್ರಿ ಹಾಸ್ಟೆಲ್‌ಗೆ ಬಂದು ಫಸ್ಟ್ ಇಯರ್‌ನವರೆಲ್ಲ ಬೆಳಿಗ್ಗೆ ಯೂನಿಫಾರಂ ಹಾಕಬೇಡಿ, ನೈಟಿ ಹಾಕ್ಕೊಂಡು ಬನ್ನಿ, ತಲೆ ಬಾಚಬೇಡಿ ಅಂದರು. ಏನೋ ಡ್ರಿಲ್ ಇರಬೇಕು ಅಂದುಕೊಂಡೆ. ಹೋದರೆ ಮೇಲಿನ ವಾರ್ಡಿಗೆ ಕರೆದುಕೊಂಡು ಹೋಗಿ ಒಬ್ಬೊಬ್ಬರಿಗೆ ಒಂದೊಂದು ಮಂಚ ತೋರಿಸಿದರು. ನನ್ನ ಮಂಚಕ್ಕೆ ನೇತು ಹಾಕಿದ್ದ ಕೇಸ್ ಶೀಟ್‌ನಲ್ಲಿ ಯಾರದೋ ಹೆಸರು, ವಯಸ್ಸು 45, ಜ್ವರ. ನನಗೆ ಆಗ ಇನ್ನೂ 18. ಪಕ್ಕದ ಮಂಚದಲ್ಲಿ ನಮ್ಮ ಹಾಸ್ಟೆಲ್ ಅಡುಗೆಯಮ್ಮ, ಕೈಗೆ ಬ್ಯಾಂಡೇಜ್ ಸುತ್ತಿಸಿಕೊಂಡು, 'ಬೇಗ ಮುಗಿಸ್ರಿ, ಅನ್ನಕ್ಕಿಟ್ಟು ಬಂದೀನಿ' ಅಂತ ಗೊಣಗುತ್ತಾ ಇದ್ದಳು. ಅದರಾಚೆ ಸೆಕ್ಯುರಿಟಿ ಅಣ್ಣನ ಮನೆಯವರೆಲ್ಲ. ಒಬ್ಬ ಸೀನಿಯರ್ ಬಂದು ನನ್ನ ಬಾಯಲ್ಲಿ ಥರ್ಮಾಮೀಟರ್ ಇಟ್ಟು ಚಾರ್ಟ್‌ನಲ್ಲಿ 98.6 ಅಂತ ಬರೆದಳು. ಜ್ವರದ ರೋಗಿಗೆ 98.6! ಹೇಳಿದರೆ, 'ಸುಮ್ನೆ ಮಲಗೇ, ಅವರು ಅಷ್ಟೆಲ್ಲ ನೋಡಲ್ಲ' ಅಂದಳು.

ನಿಜ, ನೋಡಲಿಲ್ಲ. ಬಂದವರಲ್ಲಿ ಒಬ್ಬರು ನನ್ನ ಮಂಚದ ಹತ್ತಿರ ನಿಂತು 'ಏನಮ್ಮಾ ತೊಂದರೆ?' ಅಂದರು. 'ಜ್ವರ ಸರ್.' 'ಇಲ್ಲಿ ಚೆನ್ನಾಗಿ ನೋಡ್ಕೊಳ್ತಾರಾ?' 'ಹ್ಞೂಂ ಸರ್.' ಅವರು ಮುಂದೆ ಹೋದರು. ನನಗೆ ಮುಖ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ. ನರ್ಸ್ ಆಗ್ತಾಳೆ ಅಂತ ಅಮ್ಮ ಊರಿಗೆಲ್ಲ ಲಾಡು ಹಂಚಿದ್ದಳು, ನಾನಿಲ್ಲಿ ನೈಟಿ ಹಾಕಿಕೊಂಡು ಬೇರೆ ಯಾರದೋ ಹೆಸರಲ್ಲಿ ಮಲಗಿದ್ದೇನೆ, ಅದೂ ನಮ್ಮ ದುಡ್ಡಿನಲ್ಲೇ. ವರ್ಷಕ್ಕೆ 1,20,000 ಕಟ್ಟಿ ರೋಗಿಯ ಪಾರ್ಟು ಮಾಡೋದು!

ಪ್ರಿನ್ಸಿಪಾಲರ ಹತ್ತಿರ ಹೋಗಿ ಕೇಳಿದೆ. ಅವರ ಉತ್ತರ ನೋಡಿ: 'ಎಲ್ಲಾ ಕಡೆ ಹಿಂಗೇ ಅಮ್ಮಾ. ನಿಂಗೆ ಡಿಗ್ರಿ ಬೇಕಾ, ರೋಗಿ ಬೇಕಾ?' ನನಗೆ ಎರಡೂ ಬೇಕು ಸರ್! ಥಿಯರಿ, ಪ್ರಾಕ್ಟಿಕಲ್‌ಗೆ 80 ಪರ್ಸೆಂಟ್ ಹಾಜರಿ ಸಾಕು, ಆದರೆ ಡಿಗ್ರಿ ಕೈಗೆ ಬರಬೇಕಾದರೆ ಕ್ಲಿನಿಕಲ್ ಹಾಜರಿ ನೂರಕ್ಕೆ ನೂರು ಇರಬೇಕು ಅಂತ ನಮ್ಮ ಸಿಲಬಸ್‌ನಲ್ಲೇ ಇದೆ. ಸುಮ್ನೆ ಇಟ್ಟಿದ್ದಲ್ಲ ಅದು. ನಾಳೆ ಯಾರದೋ ಮಗುವಿಗೆ ಡ್ರಿಪ್ ಹಾಕೋ ಕೈ ಇದು, ಕವರ್ ಬಿಚ್ಚದ ಗೊಂಬೆ ಮೇಲೆ ಕಲಿತ ಕೈ.

ಬಿಡ್ತೀನಿ, ಟಿಸಿ ಕೊಡಿ ಅಂದೆ. ಆಗ ಶುರುವಾಯಿತು ನಿಜವಾದ ಆಟ. ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್, ಟಿಸಿ ಎಲ್ಲ ಒರಿಜಿನಲ್ ಅವರ ಹತ್ತಿರವೇ ಇತ್ತು. 'ನಾಲ್ಕೂ ವರ್ಷದ ಫೀಸ್ ಕಟ್ಟಿ ತಗೊಂಡು ಹೋಗಿ, ನಿಮ್ಮಿಂದ ಒಂದು ಸೀಟು ಹಾಳಾಯ್ತು' ಅಂದರು. ನಮ್ಮಿಂದ ಹಾಳಾಯ್ತಂತೆ! ಅಪ್ಪಯ್ಯ ಅಲ್ಲಿಂದ ಸೀದಾ ಶಿವಮೊಗ್ಗಕ್ಕೆ ಬಂದು ಆ ಆಸಾಮಿಯನ್ನು ಹಿಡಿದರು. ಈ ಸಲ ಕಾಫಿ ಇಲ್ಲ. 'ಗೌಡ್ರೇ, ನಂದು ಸೀಟ್ ಕೊಡ್ಸೋ ಕೆಲ್ಸ. ಒಳಗೆ ಏನು ಓದಿಸ್ತಾರೆ ಅನ್ನೋದು ನಂಗೆ ಸಂಬಂಧ ಇಲ್ಲ.' 100 ಬೆಡ್ ಅಂದಿದ್ರಲ್ಲ ಅಂದರೆ, 'ಬೆಡ್ ಇಲ್ವಾ ಹೇಳಿ? ಎಣಿಸಿ ನೋಡಿ.'

ಬೆಡ್ ಇದ್ದವು. ಅಲ್ವಾ? ಬೆಡ್ ಅಂತೂ ಇದ್ದವು.

ನಾವು ಕಟ್ಟಿದ ಆ 25,000ದ ರಸೀದಿ ತೆಗೆದು ನೋಡಿದರೆ ಅದರಲ್ಲಿ ಕಾಲೇಜಿನ ಹೆಸರೇ ಇಲ್ಲ, 'ಸರ್ವೀಸ್ ಚಾರ್ಜ್, ಹಿಂತಿರುಗಿಸಲಾಗುವುದಿಲ್ಲ' ಅಂತ ಸಣ್ಣ ಅಕ್ಷರದಲ್ಲಿ. ಕಾಲೇಜಿನವರು ಆ ದುಡ್ಡು ನಮಗೆ ಬಂದೇ ಇಲ್ಲ ಅಂತಾರೆ. ಇವನು ಫೀಸಿಗೆ ಸೇರಿದೆ ಅಂತಾನೆ. ಈಗ ಫೋನೂ ಎತ್ತೋದಿಲ್ಲ. ಮಗಳಿದ್ದಂಗೆ ಅಂದೋನು!

ಒರಿಜಿನಲ್ಸ್ ಮಾತ್ರ ವಾಪಸ್ ಬಂದವು, ಅದೂ ನಮ್ಮ ಚಿಕ್ಕಪ್ಪನ ಪರಿಚಯದ ವಕೀಲರು ಒಂದು ಪತ್ರ ಬರೆದ ಮೇಲೆ. ಮಕ್ಕಳ ಮೂಲ ದಾಖಲೆ ಕಾಲೇಜು ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ 2018ರಲ್ಲೇ ಹೊರಡಿಸಿದ ಸೂಚನೆ ಇದೆ, ಅದನ್ನು ಪತ್ರದಲ್ಲಿ ಹಾಕಿದರು. ಅಷ್ಟಕ್ಕೇ ದನಿ ಬದಲಾಯಿತು, 'ಬನ್ನಿ ಸರ್, ಕೂತು ಮಾತಾಡೋಣ' ಅಂತ. ಹಾಗಾಗಿ ಅಡ್ಮಿಷನ್ ದಿನ ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ಬ್ಯಾಗಿಗೆ ಹಾಕಿಕೊಂಡು ಬನ್ನಿ. ಬಿಡಲ್ಲ ಅಂದರೆ ಇಟ್ಟುಕೊಂಡಿದ್ದಕ್ಕೆ ಸೀಲ್ ಹಾಕಿದ ಪತ್ರ ಕೇಳಿ.

ಸಿಇಟಿ ನಡೆಸಿ ಸೀಟು ಹಂಚೋ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನ ಎಲ್ಲ ಸುತ್ತು ಮುಗಿಯೋವರೆಗೆ ಯಾರ ಮಹಡಿಯನ್ನೂ ಹತ್ತಬೇಡಿ. ಕಾಲೇಜು ನೋಡೋಕೆ ಹೋದಾಗ ಹೇಳದೆ ಕೇಳದೆ ಬೆಳಿಗ್ಗೆ ಹೋಗಿ, ಆಸ್ಪತ್ರೆಯ ಒಪಿಡಿ ಕ್ಯೂ ನೋಡಿ, ಸೆಕೆಂಡ್ ಇಯರ್ ಹುಡುಗಿಯರನ್ನು ಗೇಟಿನ ಹೊರಗೆ ಹಿಡಿದು 'ಪೋಸ್ಟಿಂಗ್ ಎಲ್ಲಿ?' ಅಂತ ಕೇಳಿ. ಒಳಗೆ ಕೇಳಬೇಡಿ, ಒಳಗೆ ಯಾರೂ ನಿಜ ಹೇಳಲ್ಲ. ನಾನೇ ಹೇಳಲಿಲ್ಲವಲ್ಲ, ಜ್ವರ ಸರ್ ಅಂದೆ.

ಮೊನ್ನೆ ನಮ್ಮ ಅತ್ತೆ ಮಗಳಿಗೆ ಅದೇ ನಂಬರಿನಿಂದ ಮೆಸೇಜ್ ಬಂದಿದೆ, 'ಕೆಲವೇ ಸೀಟು ಬಾಕಿ' ಅಂತ. ದುಡ್ಡಿನ ವಿಷಯಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬೇಕು ಅಂತ ಕಾಗದ ಜೋಡಿಸುತ್ತಿದ್ದೇವೆ. ಶಿವಮೊಗ್ಗ ಕಡೆಯವರಲ್ಲಿ ಯಾರ ಹತ್ತಿರವಾದರೂ ಇಂಥದ್ದೇ 'ಸರ್ವೀಸ್ ಚಾರ್ಜ್' ರಸೀದಿ ಇದ್ದರೆ ಹರಿದು ಹಾಕಬೇಡಿ, ನನಗೆ ತಿಳಿಸಿ. ಒಬ್ಬರಿಗಿಂತ ನಾಲ್ಕು ಜನ ಹೋದರೆ ಕೇಳ್ತಾರೆ.