ಪಾಪನಿವೇದನೆ: ಕ್ಷಮೆಗೆ ಕಾಯಿಸದ ಸೇವೆ

ಕಥೋಲಿಕ ಚರ್ಚುಗಳಲ್ಲಿ ಸಿಗುವ ಪಾಪನಿವೇದನೆಗೆ, ಅಂದರೆ ಮಾಡಿದ ಪಾಪಗಳನ್ನು ಗುರುಗಳಿಗೆ (ಪಾದ್ರಿಗಳಿಗೆ) ಹೇಳಿ ದೇವರ ಕ್ಷಮೆ ಪಡೆಯುವ ಸಂಸ್ಕಾರಕ್ಕೆ, ಶುಲ್ಕವಿಲ್ಲ, ಹೆಸರು ಹೇಳಬೇಕಾಗಿಲ್ಲ. ಸಿದ್ಧವಾಗಿ ಬಂದವರಿಗೆ ಸಾಮಾನ್ಯವಾಗಿ ಐದು-ಹತ್ತು ನಿಮಿಷ ಸಾಕು. ಆದರೂ ಎಷ್ಟೋ ಮಂದಿ ಹೊತ್ತು ತಂದ ಭಾರವನ್ನು ಅರ್ಧ ಹೊತ್ತುಕೊಂಡೇ ಎದ್ದು ಹೋಗುತ್ತಾರೆ. ಕ್ಷಮೆ ಯಾವ ಗಳಿಗೆಯಲ್ಲಿ ಸಿಕ್ಕಿತು ಎಂಬುದೇ ಅವರಿಗೆ ಗೊತ್ತಾಗಿರುವುದಿಲ್ಲ.

ಆ ಗಳಿಗೆಯನ್ನು ಬೆರಳಿಟ್ಟು ತೋರಿಸಬಹುದು. ಗುರುಗಳು ಕೈ ಚಾಚಿ ಪ್ರಾರ್ಥನೆ ಆರಂಭಿಸುತ್ತಾರೆ. ಅದರ ಕೊನೆಗೆ, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ನಿನ್ನನ್ನು ಪಾಪಗಳಿಂದ ಬಿಡಿಸುತ್ತೇನೆ ಎನ್ನುತ್ತಾ ಶಿಲುಬೆಯ ಗುರುತು ಹಾಕುತ್ತಾರೆ. ಆ ವಾಕ್ಯದಲ್ಲಿ ‘ಆದರೆ’ ಇಲ್ಲ, ‘ಆಮೇಲೆ’ ಇಲ್ಲ. ನೀವು ‘ಆಮೆನ್’ ಅನ್ನುವ ಹೊತ್ತಿಗೆ ಕ್ಷಮೆ ನಿಮ್ಮದಾಗಿದೆ. ಅದಕ್ಕೇ ಗುರುಗಳ ಸಲಹೆ ಮುಗಿಯಿತೆಂದು ಅವಸರದಲ್ಲಿ ಏಳಬೇಡಿ; ಬಂದದ್ದೇ ಈ ಮಾತಿಗಾಗಿ.

ಹಾಗಾದರೆ ಪ್ರಾಯಶ್ಚಿತ್ತವಾಗಿ ಕೊಡುವ ಜಪ ಅಥವಾ ಸತ್ಕಾರ್ಯ ಏಕೆ? ಬಹಳಷ್ಟು ಜನ ಎಡವುವುದು ಇಲ್ಲೇ: ಅದನ್ನು ಮುಗಿಸಿದ ಮೇಲೆ ಕ್ಷಮೆ ಎಂದುಕೊಳ್ಳುತ್ತಾರೆ. ಅದು ಕ್ಷಮೆಯ ಬೆಲೆಯಲ್ಲ. ಪಾಪ ಹೋದರೂ ಅದು ಮಾಡಿಟ್ಟ ಹಾನಿ ಉಳಿದಿರುತ್ತದೆ, ಕೂಡಿದ ಮೂಳೆಗೆ ಮತ್ತೆ ನಡಿಗೆ ರೂಢಿಸಬೇಕಾದ ಹಾಗೆ. ಕದ್ದದ್ದನ್ನು ಹಿಂದಿರುಗಿಸುವುದು, ಕೆಡಿಸಿದ ಹೆಸರನ್ನು ಸರಿಪಡಿಸುವುದು ಅದಕ್ಕೇ ಬಾಕಿ ಇರುತ್ತದೆ. ಕೊಟ್ಟ ಜಪವನ್ನು ಅಂದೇ ಮುಗಿಸಿಬಿಡುವುದು ಒಳ್ಳೆಯದು. ನಾಳೆಗೆ ಇಟ್ಟರೆ ಮರೆಯುತ್ತದೆ.

ಕ್ಷಮಿಸಲು ದೇವರಿಗಿರುವ ಅವಸರ ನೋಡಬೇಕಾದರೆ ಬೈಬಲಿನಲ್ಲಿ ಲೂಕನ ಶುಭಸಂದೇಶದ 15ನೇ ಅಧ್ಯಾಯ ತೆರೆಯಿರಿ, ಆಸ್ತಿ ಹಾಳುಮಾಡಿ ತಂದೆಯ ಬಳಿಗೆ ಮರಳುವ ಮಗನ ಕಥೆ ಅಲ್ಲಿದೆ. ಮಗ ದಾರಿಗೆ ಮೊದಲೇ ಮಾತು ಕಟ್ಟಿಕೊಂಡಿದ್ದಾನೆ; ‘ಕೂಲಿಯಾಳಿನಂತೆ ಇಟ್ಟುಕೋ’ ಎಂಬುದು ಅದರ ಕೊನೆ. 20ನೇ ವಚನದಲ್ಲಿ ತಂದೆ ದೂರದಿಂದಲೇ ಕಂಡು ಓಡಿಬಂದು ತಬ್ಬಿ ಮುದ್ದಿಡುತ್ತಾನೆ. ಮಗ ಬಾಯಿ ತೆರೆಯುವುದು ಅದಾದ ಮೇಲೆ, 21ರಲ್ಲಿ. ಕೂಲಿಯಾಳಿನ ಮಾತು ಅಲ್ಲಿ ಬರುವುದೇ ಇಲ್ಲ, ಅಷ್ಟರಲ್ಲಿ ತಂದೆ ನಿಲುವಂಗಿ, ಉಂಗುರ, ಕೆರ ತರಲು ಹೇಳುತ್ತಿದ್ದಾನೆ. ರಾಜ ದಾವೀದನ ವಿಷಯವೂ ಹಾಗೆಯೇ: ಸಮುವೇಲನ ಎರಡನೆಯ ಗ್ರಂಥ 12:13ರಲ್ಲಿ ಅವನ ತಪ್ಪೊಪ್ಪಿಗೆ, ಕ್ಷಮೆ ಸಿಕ್ಕಿತೆಂಬ ಪ್ರವಾದಿ ನಾತಾನನ ಉತ್ತರ, ಎರಡೂ ಒಂದೇ ವಚನದೊಳಗೆ.

ಈ ಸೇವೆಯ ಗುಣ ನಮ್ಮ ಸಿದ್ಧತೆಯ ಮೇಲೂ ನಿಂತಿದೆ. ಹಿಂದಿನ ರಾತ್ರಿ ಹತ್ತು-ಹದಿನೈದು ನಿಮಿಷ ಕೂತು ಹತ್ತು ಆಜ್ಞೆಗಳ ಕ್ರಮದಲ್ಲಿ ನೆನಪಿಸಿಕೊಳ್ಳಿ. ಒಳಗೆ ಹೋದ ಮೇಲೆ, ಹಿಂದಿನ ನಿವೇದನೆಯಾಗಿ ಎಷ್ಟು ಕಾಲವಾಯಿತು ಎಂದು ಮೊದಲು ಹೇಳಿ. ಘೋರ ಪಾಪಗಳನ್ನು (ಗಂಭೀರ ವಿಷಯದಲ್ಲಿ ಗೊತ್ತಿದ್ದೂ ಬೇಕೆಂದೇ ಮಾಡಿದವು) ಯಾವುದು, ಸುಮಾರು ಎಷ್ಟು ಸಲ ಎಂದು ಹೇಳಬೇಕು. ‘ಎಲ್ಲಾ ತಪ್ಪೂ ಮಾಡಿದ್ದೇನೆ’ ಎನ್ನುವುದು ನಿವೇದನೆಯಲ್ಲ. ಅತ್ತೆಯ ತಪ್ಪು, ಗಂಡನ ತಪ್ಪು ಹೇಳುವುದಂತೂ ಅಲ್ಲವೇ ಅಲ್ಲ. ಮರೆತುಹೋದ ಪಾಪಕ್ಕೆ ಹೆದರಬೇಡಿ, ಅದೂ ಕ್ಷಮೆಯಲ್ಲಿ ಸೇರಿದೆ. ಘೋರವಾದದ್ದು ಆಮೇಲೆ ನೆನಪಾದರೆ ಮುಂದಿನ ಸಲ ಹೇಳಿದರಾಯಿತು. ಆದರೆ ಗೊತ್ತಿದ್ದೂ ಘೋರ ಪಾಪವನ್ನು ಮುಚ್ಚಿಟ್ಟರೆ ಇಡೀ ನಿವೇದನೆ ಕೆಡುತ್ತದೆ. ನಾಚಿಕೆಯಾದರೆ ಜಾಲರಿಯ ಹಿಂದೆ ಕೂತು ಹೇಳಿ, ಅದು ನಿಮ್ಮ ಹಕ್ಕು. ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆಡವುವಂತಿಲ್ಲ.

ಒಂದು ಕೊರತೆ ಹೇಳಲೇಬೇಕು. ಪೂಜೆಗೆ ಮುಂಚಿನ ಹತ್ತು ನಿಮಿಷದಲ್ಲಿ ಸಾಲು ಉದ್ದ, ಗುರುಗಳಿಗೂ ಆತುರ, ಹಿಂದಿನವರ ಉಸಿರು ಬೆನ್ನಿಗೆ ತಾಕುತ್ತಿರುತ್ತದೆ. ಬೇರೆ ಹೊತ್ತು ಕೇಳಿ ಗೊತ್ತುಮಾಡಿಕೊಳ್ಳಿ.

ಗುರುಗಳು ತಕ್ಷಣಕ್ಕೆ ಸಿಗದಿದ್ದರೂ ಕರುಣೆಯ ಬಾಗಿಲು ಮುಚ್ಚಿಲ್ಲ. ದೇವರ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಪಶ್ಚಾತ್ತಾಪ, ಆದಷ್ಟು ಬೇಗ ನಿವೇದನೆ ಮಾಡುವ ಗಟ್ಟಿ ನಿರ್ಧಾರ, ಈ ಎರಡಿದ್ದರೆ ಘೋರ ಪಾಪಕ್ಕೂ ಆಗಲೇ ಕ್ಷಮೆಯಿದೆ ಎಂಬುದು ಧರ್ಮಸಭೆಯ ಬೋಧನೆ. ಪೂಜೆಯಲ್ಲಿ ಕೊಡುವ ಪರಮಪ್ರಸಾದ (ಕ್ರಿಸ್ತನ ಶರೀರವೆಂದು ನಂಬುವ ರೊಟ್ಟಿ) ಸ್ವೀಕರಿಸಲು ಮಾತ್ರ ಸಾಮಾನ್ಯವಾಗಿ ನಿವೇದನೆ ಮುಗಿದಿರಬೇಕು.

ನೆನಪಿಗೆಂದು ಚೀಟಿ ಬರೆದುಕೊಂಡು ಹೋಗಿದ್ದರೆ ಹೊರಗೆ ಬಂದೊಡನೆ ಹರಿದುಹಾಕಿ. ಮುಂದಿನ ಸಲ ಅದೇ ಪಟ್ಟಿಯನ್ನು ಮತ್ತೆ ಓದುವ ಅಗತ್ಯವಿಲ್ಲ.