ದೂರದ ಲಾಗ್ ಪಡೆಯಲು ಯುಡಿಪಿಯೋ, ಟಿಸಿಪಿಯೋ?

ಹಲವು ಯಂತ್ರಗಳ ಲಾಗ್‌ಗಳನ್ನು (ಅಲ್ಲಿ ನಡೆದದ್ದರ ದಾಖಲೆಗಳನ್ನು) ಒಂದೇ ಯೂನಿಕ್ಸ್ ಸರ್ವರ್‌ಗೆ ತರಿಸಬೇಕು ಅಂದಾಗ ಮೊದಲು ಎದುರಾಗುವ ಪ್ರಶ್ನೆ ಇದು. ಎರಡೂ ನೆಟ್‌ವರ್ಕ್‌ನಲ್ಲಿ ಸಂದೇಶ ಸಾಗಿಸುವ ವಿಧಾನಗಳು.

ಯುಡಿಪಿ ಹಳೆಯ ದಾರಿ, ಪೋರ್ಟ್ (ಸಂದೇಶ ಒಳಬರುವ ಬಾಗಿಲಿನ ಸಂಖ್ಯೆ) 514. ಲಾಗ್ ಸಂಗ್ರಹಿಸುವ ತಂತ್ರಾಂಶವಾದ ಆರ್‌ಸಿಸ್‌ಲಾಗ್‌ನಲ್ಲಿ, ಯುಡಿಪಿ ಸಂದೇಶ ಸ್ವೀಕರಿಸುವ ಐಎಂಯುಡಿಪಿ ಮಾಡ್ಯೂಲ್ ಸೇರಿಸಿ ಪೋರ್ಟ್ ತೆರೆದರೆ ಕೆಲಸ ಶುರು. ಕೆಲವು ಹಳೆಯ ಸ್ವಿಚ್, ರೂಟರ್‌ಗಳಿಗೆ ಇದೊಂದೇ ಗೊತ್ತು. ಆದರೆ ಸಂದೇಶ ದಾರಿಯಲ್ಲಿ ಕಳೆದುಹೋದರೆ ಯಾರಿಗೂ ತಿಳಿಯುವುದಿಲ್ಲ. ನೆಟ್‌ವರ್ಕ್ ತೊಂದರೆಯಲ್ಲಿದ್ದಾಗಲೇ ಲಾಗ್ ಜಾಸ್ತಿ ಬೇಕು, ಅಲ್ವಾ? ಆಗಲೇ ಇದು ಕೈಕೊಡುತ್ತದೆ. ಕಳಿಸುವವರ ವಿಳಾಸವನ್ನು ನಕಲಿ ಮಾಡುವುದೂ ಸುಲಭ.

ಟಿಸಿಪಿ ಕಳೆದ ಪ್ಯಾಕೆಟ್ಟನ್ನು ಮತ್ತೆ ಕಳಿಸುತ್ತದೆ. ಆದರೂ ಪೂರ್ತಿ ನಂಬಬೇಡಿ. ಸಂಪರ್ಕ ಕಡಿದ ಗಳಿಗೆಯಲ್ಲಿ ಬಫರ್‌ನಲ್ಲಿ (ತಾತ್ಕಾಲಿಕ ಮೆಮೊರಿಯಲ್ಲಿ) ಇದ್ದದ್ದು ಹೋಗಬಹುದು. ಒಂದು ಸಾಲೂ ತಪ್ಪಬಾರದು ಎಂದರೆ ರೆಲ್ಪ್ ಎಂಬ ಲಾಗ್ ಸಾಗಿಸುವ ವಿಧಾನ ನೋಡಿ. ಅದರಲ್ಲಿ ಸಂದೇಶ ಮುಟ್ಟಿತು ಎಂದು ಸರ್ವರ್ ತಿಳಿಸುತ್ತದೆ. ಜೊತೆಗೆ ಕಳಿಸುವ ಕಡೆ ಡಿಸ್ಕ್ ಕ್ಯೂ ಇಡಿ. ಸರ್ವರ್ ನಿಂತರೂ ಲಾಗ್ ಅಲ್ಲೇ ಕಾಯುತ್ತದೆ.

ಯುಡಿಪಿ, ಟಿಸಿಪಿ ಎರಡರಲ್ಲೂ ಸಂದೇಶ ಬಿಚ್ಚಿಟ್ಟ ಪತ್ರದಂತೆ ಸಾಗುತ್ತದೆ. ಹೊರಗಿನ ನೆಟ್‌ವರ್ಕ್ ದಾಟುವುದಾದರೆ ಸಂದೇಶವನ್ನು ಗೂಢಲಿಪಿಯಲ್ಲಿ ಕಳಿಸುವ ಟಿಎಲ್‌ಎಸ್ ಬೇಕೇ ಬೇಕು, ಪೋರ್ಟ್ 6514. ಯಂತ್ರಗಳ ಗುರುತು ಖಚಿತಪಡಿಸುವ ಸರ್ಟಿಫಿಕೇಟ್‌ಗಳ ಕೆಲಸ ಸ್ವಲ್ಪ ಜಾಸ್ತಿ, ಆದರೆ ಬಿಡಬೇಡಿ.

ನಾನಾದರೆ ಸರ್ವರ್‌ಗಳಿಗೆ ಟಿಸಿಪಿ, ಬೇರೆ ದಾರಿಯಿಲ್ಲದ ಸಾಧನಗಳಿಗಷ್ಟೇ ಯುಡಿಪಿ ಇಡುತ್ತೇನೆ. ಯಾವುದನ್ನೇ ಆರಿಸಿದರೂ, ಗೊತ್ತಿರುವ ವಿಳಾಸಗಳಿಗೆ ಮಾತ್ರ ಫೈರ್‌ವಾಲ್ ತೆರೆಯಿರಿ.